ಕೆಂಪು ಹಗ್ಗದ ಆಚೆ

2025ರ ಮಾರ್ಚ್ 11, ಬೆಳಿಗ್ಗೆ 10.40. ಬನಹಟ್ಟಿ ಠಾಣೆಗೆ ಬಂದ ದೂರನ್ನು ಇನ್‌ಸ್ಪೆಕ್ಟರ್ ಹುಲೆಪ್ಪ ಮೂರು ಸಲ ಓದಿದರು. ಹೊರಗೆ ಸುಡುಬಿಸಿಲು, ಅರ್ಜಿಯಲ್ಲಿ ಹಿಮಕುಸಿತ!

ಕಾಶ್ಮೀರ ಪ್ರವಾಸಕ್ಕೆ ಹೋದ ಐವರಲ್ಲಿ ಕುರಿಗಾರ ಕರೆಪ್ಪ ಹಿಮದಡಿ ಸಿಕ್ಕಿ ಸತ್ತು ಹನ್ನೆರಡು ದಿನವಾಗಿತ್ತು. ದೂರು ತಂದವಳು ಅವನ ಹೆಂಡತಿ ದಾನಮ್ಮ.

“ನನ್ನ ಗಂಡನೇ ಹಟಾ ಮಾಡಿ ಎಲ್ಲಾರ್ನೂ ಅಪಾಯದಾಗ ಒಯ್ದಾ ಅಂತ ಓಣಿ ಮಂದಿ ಅಂತಾರ್ರೀ. ಮಗಳು ಸಾಲಿಗಿ ಹೋಗೂದ ಬಿಟ್ಟಾಳ. ಅಂವಾ ಬರೂದಿಲ್ಲ, ಅವನ ಹೆಸರರೆ ಉಳಸ್ರಿ.”

“ಕಾಶ್ಮೀರ ನಮ್ಮ ಸರಹದ್ದಿನಾಗ ಬರೂದಿಲ್ಲವ್ವಾ.”

“ಸುಳ್ಳ ಹೇಳಾವ್ರು ಇಲ್ಲೇ ಅದಾರಲ್ರಿ?”

ಘಟನೆ ಎಲ್ಲೇ ನಡೆದರೂ ಯಾವ ಠಾಣೆಯಲ್ಲಾದರೂ ಬರೆದುಕೊಳ್ಳಬಹುದಾದ ಝೀರೋ ಎಫ್‌ಐಆರ್ ದಾಖಲಿಸಿ ಕಾಶ್ಮೀರಕ್ಕೆ ಕಳಿಸಿದ್ದಾಯಿತು. ಸಾಕ್ಷಿಗಳ ಹೇಳಿಕೆ ನೀವೇ ಪಡೆಯಿರಿ ಎಂದು ಅಲ್ಲಿಯವರು ಬರೆದರು. ಕೆಲಸ ದೇಶ ಸುತ್ತಿ ಮತ್ತೆ ಹುಲೆಪ್ಪನವರ ಮೇಜಿಗೇ ಬಂತು.

ಬದುಕಿ ಬಂದ ನಾಲ್ವರದ್ದೂ ಒಂದೇ ಬಾಯಿಪಾಠ: “ಕರೆಪ್ಪನೇ ಮುಂದ ಹೋದಾರೀ.” ಕೇಳಿ ಕೇಳಿ ಹುಲೆಪ್ಪನವರಿಗೆ ತಲೆ ಚಿಟ್ಟು ಹಿಡಿಯಿತು.

“ವಿಡಿಯೋ?”

“ಡಿಲೀಟ್ ಆತ್ರಿ,” ಎಂದ ನಾಲ್ವರಲ್ಲೊಬ್ಬನಾದ ಯಲ್ಲಾಲಿಂಗ.

“ನಾಲ್ಕೂ ಫೋನಿನಾಗ?”

“ಹೂಂರಿ.”

ಕಾನ್‌ಸ್ಟೆಬಲ್ ಭೀಮಶಿ ಮೆಲ್ಲಗೆ ಹೇಳಿದ: “ಸರ, ಹಿಮಾ ನೋಡಿದಾಂವ ಬೀಗರಿಗಿ ತೋರಸ್ದ ಇರ್ತಾನೇನ್ರಿ?”

ಮಾರ್ಚ್ 17, ಮಧ್ಯಾಹ್ನ 3.15, ಮುಧೋಳ. ಯಲ್ಲಾಲಿಂಗನ ನಾದಿನಿ ಮಾಲಾಳ ಫೋನಿನಲ್ಲಿ ಅವನು ಕಳಿಸಿದ್ದ ವಿಡಿಯೋ ಸಿಕ್ಕಿತು. ಪಂಚನಾಮೆ ಮಾಡಿ ಫೋನು ಜಪ್ತಿ ಮಾಡಿದರು.

ವಿಡಿಯೋದಲ್ಲಿ, ರಾತ್ರಿ ಹೊಸ ಹಿಮ ಬಿದ್ದಿದೆ, ಅಪಾಯದ ಗಡಿಗೆ ಕಟ್ಟಿದ ಕೆಂಪು ಹಗ್ಗ ದಾಟಬೇಡಿ ಎಂದು ಹಿಮದ ಮೇಲೆ ಓಡುವ ಸ್ನೋ ಬೈಕಿನ ಡ್ರೈವರ್‌ಗಳು ಕೂಗುತ್ತಿದ್ದರು. ಅವರನ್ನು ಬಿಟ್ಟು ತಾನೇ ಹ್ಯಾಂಡಲ್ ಹಿಡಿದು ಹಗ್ಗ ದಾಟಿದವನು ಕರೆಪ್ಪನಲ್ಲ, ನಾಲ್ವರಲ್ಲೊಬ್ಬನಾದ, ಪ್ರವಾಸ ಕರೆದೊಯ್ದ ರಾಜಕುಮಾರ. ಉಳಿದವರು ಅವನ ಹಿಂದೆ ಹೋದರು. ಏರಿನ ನಡುವೆ ರಾಜಕುಮಾರನ ಬೈಕು ಹೂತು ನಿಂತಿತು. ಕುರಿಯೊಂದು ತಪ್ಪಿಸಿಕೊಂಡರೆ ಮಂದೆಯನ್ನು ಒಂದೆಡೆ ಕೂಡಿಹಾಕಿ ಹುಡುಕಲು ಹೋಗುವುದು ಕರೆಪ್ಪನ ಹುಟ್ಟಿನಿಂದ ಬಂದ ರೂಢಿ. ಇಲ್ಲಿಯೂ ಮೂವರನ್ನು ಏರಿನ ಬುಡದಲ್ಲೇ ಒಟ್ಟು ನಿಲ್ಲಿಸಿ ತಾನೊಬ್ಬನೇ ಹತ್ತಿದ. ಹಿಮಗುಡ್ಡದಲ್ಲಿ ಗುಂಪಾಗಿ ನಿಲ್ಲಲೇಬಾರದು, ಅದೂ ಏರಿನ ಕೆಳಗೆ. ಅದನ್ನು ಅವನಿಗೆ ಹೇಳುವವರು ಯಾರಿದ್ದರು? ರಾಜಕುಮಾರ ನಿಂತಲ್ಲಿಂದ ಕೆಳಗಿನ ಹಿಮವೆಲ್ಲ ಕುಸಿಯಿತು, ಅವನು ಮೇಲೆಯೇ ಉಳಿದ. ಮೂವರು ಸೊಂಟದವರೆಗೆ ಹೂತರು, ಕರೆಪ್ಪ ಪೂರ್ತಿ.

ವಿಡಿಯೋ ತೋರಿಸಿದೊಡನೆ ಆ ಮೂವರೂ, ರಾಜಕುಮಾರನನ್ನು ಉಳಿಸಲು ಸುಳ್ಳು ಹೇಳಿದ್ದಾಗಿ ಒಪ್ಪಿ ಹೇಳಿಕೆ ಬದಲಿಸಿದರು. “ಇದನ್ನ ಮೊದಲ ಹೇಳಾಕ ನಿಮಗೇನ ಧಾಡಿ ಆಗಿತ್ತ್ರಲೇ?” ಎಂದು ಹುಲೆಪ್ಪ ಗದರಿದರು. ದಾನಮ್ಮನಿಗೂ ಮಗಳಿಗೂ ಭೀಮಶಿಯೇ ಹೋಗಿ ನಡೆದದ್ದನ್ನು ಹೇಳಿ ಬಂದ.

ಮಾರ್ಚ್ 19, ಸಂಜೆ 5.00. ಕಾಶ್ಮೀರ ಪೊಲೀಸರ ಕೋರಿಕೆಯಂತೆ ರಾಜಕುಮಾರನನ್ನು ಬಂಧಿಸಲಾಯಿತು.

“ಮೊದಲ ಎಷ್ಟ ಸಲಾ ಹೋಗಿದ್ದಿ ಅಲ್ಲಿಗಿ?”

“ಆರ ಸಲಾ ಅಂತ ಮಂದಿಗಿ ಹೇಳಿದ್ನಿರಿ.”

“ಖರೆ ಹೇಳು.”

“ಒಮ್ಮೀನೂ ಇಲ್ರಿ.” ಅವನು ತಲೆ ತಗ್ಗಿಸಿದ. “ಓಣ್ಯಾಗ ನಲವತ್ತ ವರ್ಷ ಎಲ್ಲಾರೂ ನನಗ ‘ಲೇ’ ಅಂತಿದ್ರು. ಪ್ರವಾಸದ ಆ ಎಂಟ ದಿನಾ, ರಾಜಣ್ಣಾರ ಈಗ ಎಲ್ಲಿ ಹೋಗೂದ್ರಿ ಅಂತ ಕೇಳಾಕತ್ತಿದ್ರು. ಹಿಂದಕ ಸರ್ಯಾಕ ಮನಸ ಬರಲಿಲ್ರಿ.”

ಹುಲೆಪ್ಪ ಬರೆಯುತ್ತಲೇ ಕೇಳಿದರು: “ಕರೆಪ್ಪ ನಿನಗ ಏನಂತಿದ್ದಾ?”



“ಅಂವಾ ಮೊದಲಿಂದ್ಲೂ ನನಗ ‘ರೀ’ ಅಂತಿದ್ದಾರಿ.”