ಹನ್ನೊಂದನೇ ಎಪಿಸೋಡಿನ ತಾಯಿ

೨೦೨೫ನೇ ಇಸವಿ ಫೆಬ್ರವರಿ ೧೫, ಶನಿವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ಟೀವಿಯಲ್ಲಿ ಒಬ್ಬ ತಾಯಿ ತೀರಿಕೊಂಡಳು.

"ಏನಾಯ್ತೇ? ಡಾಕ್ಟ್ರು ಏನಂದ್ರು?" ಅಜ್ಜಿ ಕೇಳಿದರು.

ಪಕ್ಕದಲ್ಲಿದ್ದ ಮೊಮ್ಮಗಳು ಬುಗುರಿ, ಪರದೆಯ ಕೆಳಗಿನ ಇಂಗ್ಲಿಷ್ ಸಾಲು ನೋಡಿದಳು. ನಮ್ಮ ಕೈಲಾದದ್ದೆಲ್ಲ ಮಾಡಿದೆವು, ಉಳಿಸಲಾಗಲಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಅವಳು ಗಂಟಲು ಸರಿಮಾಡಿಕೊಂಡಳು.

"ದೂರದ ಊರಿನ ದೊಡ್ಡಾಸ್ಪತ್ರೆಗೆ ಕಳಿಸ್ತಾರಂತೆ. ಅಲ್ಲಿ ಹುಷಾರಾಗ್ತಾಳಂತೆ."

"ಮತ್ತೆ ಆ ಹುಡುಗಿ ಯಾಕೆ ಹಂಗೆ ಬಿದ್ದು ಬಿದ್ದು ಅಳ್ತಿದ್ದಾಳೆ?"

"ಜೊತೆಗೆ ಬರೋ ಹಾಗಿಲ್ಲ ಅಂದ್ಬಿಟ್ರು. ಅದಕ್ಕೆ."

"ಅಯ್ಯೋ ಪಾಪ," ಎಂದರು ಅಜ್ಜಿ. ಅಳಲಿಲ್ಲ. ಬುಗುರಿ ಮೆಲ್ಲಗೆ ಉಸಿರುಬಿಟ್ಟಳು.

ಒಂದು ಕಡೆ ನಿಲ್ಲದ ಕಾಲುಗಳಿಂದಾಗಿ ಅವಳಿಗೆ ಬುಗುರಿ ಎಂಬ ಹೆಸರು ಬಿದ್ದಿತ್ತು. ಆದರೆ ಶನಿವಾರ ಭಾನುವಾರ ಸಂಜೆ ಐದಕ್ಕೆ ಆ ಬುಗುರಿಯೂ ಅಜ್ಜಿಯ ಪಕ್ಕದಲ್ಲಿ ಅಂಟು ಹಾಕಿದಂತೆ ಕೂರುತ್ತಿತ್ತು. ಅದು ಅವರಿಬ್ಬರ ಕೊರಿಯನ್ ಸೀರಿಯಲ್ಲಿನ ಹೊತ್ತು. ಅಜ್ಜಿಗೆ ಕೊರಿಯನ್ ಬಾರದು, ಇಂಗ್ಲಿಷೂ ಬಾರದು. ಬುಗುರಿ ಕೆಳಗಿನ ಸಾಲುಗಳನ್ನು ಓದಿ ಆಗಿಂದಾಗಲೇ ಕನ್ನಡದಲ್ಲಿ ಹೇಳುತ್ತಿದ್ದಳು. ಹೀರೋಗೆ ದಪ್ಪ ದನಿ, ಹುಡುಗಿಗೆ ತೆಳು ದನಿ, ಹೀರೋನ ಸಿಡುಕು ಅಪ್ಪನಿಗೆ ಮೂಗಿನ ದನಿ.

ಅಜ್ಜಿ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ರಿಟೈರ್ ಆದಮೇಲೂ ಆ ಗತ್ತು ಹೋಗಿರಲಿಲ್ಲ. ಅವರು "ರೈಟ್" ಅನ್ನದೆ ಎಪಿಸೋಡ್ ಶುರುವಾಗುವಂತಿರಲಿಲ್ಲ. ನೀರು ಕುಡಿಯಬೇಕಾದರೆ "ಹೋಲ್ಡಾನ್" ಅನ್ನುವರು, ಬುಗುರಿ ರಿಮೋಟ್ ಒತ್ತುವಳು.

ಇನ್ನು ಅಜ್ಜಿಯ ಅಭಿಪ್ರಾಯಗಳು. ಅವು ಒಂದೆರಡಲ್ಲ. ಹುಡುಗಿಯ ಮಣಿಕಟ್ಟು ಹಿಡಿದು ದರದರ ಎಳೆದುಕೊಂಡು ಹೋಗುವ ಹೀರೋಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ನನ್ನ ಬಸ್ಸಲ್ಲಿ ಹಿಂಗೆ ಎಳೆದಿದ್ರೆ ಮುಂದಿನ ಸ್ಟಾಪಲ್ಲಿ ಇಳಿಸಿರ್ತಿದ್ದೆ." ಕೂತು ಶೂ ಲೇಸ್ ಕಟ್ಟಿಕೊಡುವ ಹೀರೋಗೆ ಎರಡು ಮಾರ್ಕ್ಸ್ ಜಾಸ್ತಿ. ಶ್ರೀಮಂತ ಹೀರೋ ಬಗ್ಗೆ ಒಂದೇ ಪ್ರಶ್ನೆ: "ಇವನು ಯಾವಾಗ ನೋಡಿದ್ರೂ ಆಫೀಸ್ ಕಿಟಕೀಲಿ ನಿಂತಿರ್ತಾನಲ್ಲ, ಕೆಲಸ ಯಾರು ಮಾಡ್ತಾರೆ?"

ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಜಗಳ. ಈ ಸೀರಿಯಲ್ಲಿನಲ್ಲಿ ಗಡಿಯಾರ ರಿಪೇರಿ ಮಾಡುವ ಹುಡುಗಿಯನ್ನು ಇಬ್ಬರು ಇಷ್ಟಪಡುತ್ತಿದ್ದರು. ಒಬ್ಬ ಹೀರೋ. ಉದ್ದ ಕೋಟು ಹಾಕುತ್ತಿದ್ದುದರಿಂದ ಅವನು ಇವರ ಮನೆಯಲ್ಲಿ ಉದ್ದಕೋಟು. ಇನ್ನೊಬ್ಬ ಛತ್ರಿಯಣ್ಣ. ಮಳೆ ಬಂದಾಗಲೆಲ್ಲ ಹುಡುಗಿಗೆ ಛತ್ರಿ ಕೊಟ್ಟು ತಾನು ನೆನೆದುಕೊಂಡು ಹೋಗುವವನು. ಬುಗುರಿ ಅವನ ಪಾರ್ಟಿ.

"ಛತ್ರಿಯಣ್ಣ ಎಷ್ಟು ಒಳ್ಳೆಯವನು ಅಜ್ಜಿ. ಅವನಿಗೇ ಯಾಕೆ ಯಾವಾಗ್ಲೂ ಸೋಲು?"

"ಒಳ್ಳೆಯವನೇ, ಇಲ್ಲ ಅಂದೋರು ಯಾರು? ಆದ್ರೆ ಮನಸ್ಸಲ್ಲಿರೋದನ್ನ ಬಾಯಿ ಬಿಟ್ಟು ಹೇಳಿದ್ದಾನಾ? ಬಸ್ಸಲ್ಲಿ ನಿಮ್ಮ ಸ್ಟಾಪ್ ಬಂದ್ರೆ 'ಇಳೀತೀನಿ' ಅನ್ಬೇಕು. ಸುಮ್ನೆ ಕೂತ್ರೆ ಡಿಪೋಗೇ ಹೋಗ್ತೀರ."

ಇಂಥ ಅಜ್ಜಿ ಅಳುವುದರಲ್ಲೂ ಹಿಂದೆ ಬೀಳುತ್ತಿರಲಿಲ್ಲ. ತೊಡೆಯ ಮೇಲೆ ಒಂದು ಟವೆಲ್ ಇಟ್ಟುಕೊಂಡೇ ಕೂರುವರು. ಎಪಿಸೋಡ್ ಮುಗಿಯುವ ಹೊತ್ತಿಗೆ ಅದನ್ನು ಹಿಂಡಬಹುದಿತ್ತು. ತೊಂದರೆ ಬಂದದ್ದು ಅಲ್ಲೇ.

ಜನವರಿಯಲ್ಲಿ ಅಜ್ಜಿಗೆ ತಲೆಸುತ್ತು ಬಂದು, ಬೀಪಿ ನೂರ ಅರವತ್ತಕ್ಕೆ ಏರಿತ್ತು. ಡಾಕ್ಟರು ಮಾತ್ರೆ ಕೊಟ್ಟು, ಟೆನ್ಷನ್ ಮಾಡಿಕೊಳ್ಳಬೇಡಿ ಎಂದಿದ್ದರು. ಬುಗುರಿಯ ಅಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮನೆಗೆ ಬಂದವಳೇ ಅಜ್ಜಿಯ ಟವೆಲ್ ಎತ್ತಿ ನೋಡಿದಳು.

"ಅಮ್ಮಾ, ಹಿಂಗೆ ಅತ್ರೆ ಬೀಪಿ ಏರದೆ ಇನ್ನೇನಾಗುತ್ತೆ? ನೋಡಿ ಇಬ್ರೂ. ಇನ್ನೊಂದು ಸಲ ಅತ್ತಿದ್ದು ಕಂಡ್ರೆ ಈ ಸೀರಿಯಲ್ ಬಂದ್."

ಅಮ್ಮ ಹೇಳಿದ ಮೇಲೆ ಮುಗಿಯಿತು. ಅದಕ್ಕೇ ಹನ್ನೊಂದನೇ ಎಪಿಸೋಡಿನಲ್ಲಿ, ಡಾಕ್ಟರು ಬಾಯಿ ತೆರೆದ ಆ ಎರಡು ಸೆಕೆಂಡಿನಲ್ಲಿ, ಬುಗುರಿ ಗಡಿಯಾರದ ಹುಡುಗಿಯ ತಾಯಿಯನ್ನು ಬದುಕಿಸಿಬಿಟ್ಟಳು.

ಬದುಕಿಸುವುದು ಸುಲಭವಾಗಿತ್ತು. ಬದುಕಿಸಿ ಇಟ್ಟುಕೊಳ್ಳುವುದು ಕಷ್ಟವಾಯಿತು.

ಮರುದಿನದ ಎಪಿಸೋಡಿನ ಮೊದಲ ಸೀನಿನಲ್ಲೇ ಆ ತಾಯಿಯ ದೊಡ್ಡ ಫೋಟೋ ಬಂತು. ಫೋಟೋಗೆ ಕಪ್ಪು ರಿಬ್ಬನ್. ಸುತ್ತ ಬಿಳಿ ಹೂವು. ಮುಂದೆ ಕಪ್ಪು ಬಟ್ಟೆಯ ಜನ ಸಾಲಾಗಿ ಬಾಗಿ ನಮಸ್ಕರಿಸುತ್ತಿದ್ದರು.

"ಇದೇನಿದು?"

"ಪ್ರೈಜ್ ಬಂದಿದೆ ಅಜ್ಜಿ. ಒಳ್ಳೇ ತಾಯಿ ಅಂತ. ಅವರ ದೇಶದಲ್ಲಿ ಹಾಗೇ ಕೊಡೋದು."

"ಪ್ರೈಜ್ ಬಂದ್ರೆ ಅಳ್ತಾರಾ?"

"ಖುಷಿಗೆ."

ಅಜ್ಜಿ ನಂಬಿದರು. ನೋಡದ ದೇಶದ ಪದ್ಧತಿ, ಇದ್ದರೂ ಇದ್ದೀತು. ಮುಂದಿನ ಶನಿವಾರ ಹುಡುಗಿ ದೋಣಿಯಲ್ಲಿ ಕೂತು ಸಮುದ್ರಕ್ಕೆ ಬೂದಿ ಬಿಟ್ಟಳು. ಮೀನಿಗೆ ಹಿಟ್ಟು ಹಾಕುತ್ತಿದ್ದಾಳೆ ಎಂದಳು ಬುಗುರಿ. ನಿಶ್ಚಿತಾರ್ಥದ ಸೀನಿನಲ್ಲಿ ಬೆನ್ನು ಮಾಡಿ ನಿಂತಿದ್ದ ಹೆಂಗಸನ್ನು ತೋರಿಸಿ, ತಾಯಿ ಬಂದಿದ್ದಾಳೆ ಎಂದಳು. ನಿನ್ನ ತಾಯಿಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತೇನೆ ಎಂದು ಉದ್ದಕೋಟು ಹೇಳಿದಾಗ, ತಾಯಿ ಆಸ್ಪತ್ರೆಯಿಂದ ಫೋನ್ ಮಾಡಿದ್ದಳಂತೆ ಎಂದಳು.

"ಫೋನ್ ಮಾಡೋಷ್ಟು ಹುಷಾರಾಗಿದ್ದಾಳಾ? ಮತ್ತೆ ನಿಶ್ಚಿತಾರ್ಥದಲ್ಲಿ ಯಾಕೆ ಕಾಣ್ತಿಲ್ಲ?"

"ಬಸ್ ಸಿಕ್ಕಿಲ್ಲ."

"ಆಗಲೇ ಬಂದಿದ್ದಾಳೆ ಅಂದ್ಯಲ್ಲೇ."

"ಅದು... ಅದು ಕನಸಿನ ಸೀನು ಅಜ್ಜಿ."

ಅಜ್ಜಿ ಟವೆಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಅದು ಗರಿಗರಿಯಾಗಿ ಒಣಗಿತ್ತು.

ಆಮೇಲೆ ಅಜ್ಜಿ ಪ್ರಶ್ನೆ ಕೇಳುವುದನ್ನೇ ಬಿಟ್ಟರು. ಪ್ರಶ್ನೆಯ ಜೊತೆಗೆ ಅಭಿಪ್ರಾಯಗಳೂ ನಿಂತವು. ಉದ್ದಕೋಟು ಹುಡುಗಿಯ ಮಣಿಕಟ್ಟು ಹಿಡಿದು ಎಳೆದಾಗಲೂ ಯಾರನ್ನೂ ಬಸ್ಸಿನಿಂದ ಇಳಿಸಲಿಲ್ಲ. ಛತ್ರಿಯಣ್ಣನಿಗೆ ಎಷ್ಟು ಮಾರ್ಕ್ಸ್ ಎಂದು ಬುಗುರಿ ತಾನಾಗಿ ಕೇಳಿದರೆ, "ನೀನೇ ಹಾಕಮ್ಮ," ಎಂದರು.

ಇನ್ನೊಂದು ವಿಚಿತ್ರ ಶುರುವಾಯಿತು. ಬಟ್ಟೆ ಮಡಚುವಾಗ, ಪಾತ್ರೆ ಒರೆಸುವಾಗ ಅಜ್ಜಿ ತಮ್ಮಷ್ಟಕ್ಕೆ ಗುನುಗುತ್ತಿದ್ದರು: "ನೀರಿನ ಟ್ಯಾಂಕು, ರೈಲ್ವೆ ಗೇಟು, ಮರದ ಡಿಪೋ, ಹಳೇ ಆಸ್ಪತ್ರೆ..." ಅವರ ಹಳೆಯ ರೂಟಿನ ಸ್ಟಾಪುಗಳು. ಕೊನೆ ಮುಟ್ಟಿದ ಮೇಲೆ ಹಿಂದಿನಿಂದ ಮುಂದಕ್ಕೆ ಹೇಳುವರು. ನಡುವೆ ಎಲ್ಲಾದರೂ ತಡವರಿಸಿದರೆ ಮುಖ ಸಣ್ಣದಾಗುತ್ತಿತ್ತು.

ಭಾನುವಾರ ಅಮ್ಮ ಬೀಪಿ ನೋಡಿದಳು. ನೂರ ನಲವತ್ತಕ್ಕೆ ಇಳಿದಿದ್ದದ್ದು ನೂರ ಐವತ್ತನಾಲ್ಕಾಗಿತ್ತು.

"ಮಾತ್ರೆ ಸರಿಯಾಗಿ ತಗೊಂಡಿದ್ದಾರೆ. ಅಜ್ಜಿ ಅತ್ರೇನೇ?"

"ಒಂದು ಹನೀನೂ ಇಲ್ಲ ಅಮ್ಮ," ಎಂದಳು ಬುಗುರಿ. ಅದು ನಿಜವೇ ಆಗಿತ್ತು. ಆದರೂ ಅವಳ ಕಿವಿ ಬಿಸಿಯಾಯಿತು.

ಶುಕ್ರವಾರ ಸಂಜೆ ಬುಗುರಿ ಒಣಗಿದ ಬೆಡ್‌ಶೀಟ್ ತರಲು ಬಾಲ್ಕನಿಗೆ ಹೊರಟಳು. ಬಾಗಿಲ ಹತ್ತಿರ ಅಜ್ಜಿಯ ದನಿ ಕೇಳಿ ನಿಂತಳು. ಅಷ್ಟು ಸಣ್ಣ ದನಿ ಅಜ್ಜಿಯದಾಗಿರಲಿಲ್ಲ. ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಕೇಳುವ ದನಿ ಅವರದು.

"ನಿಮ್ಮ ಲ್ಯಾಬಿಗೆ ತಲೆ ಡಾಕ್ಟ್ರು ಯಾರಾದ್ರೂ ಬರ್ತಾರೇನೇ?"

"ಯಾಕಮ್ಮ? ಮತ್ತೆ ತಲೆಸುತ್ತಾ?" ಅಮ್ಮ ಕೇಳಿದಳು.

"ಸುತ್ತಲ್ಲ. ಕತೆ ಹಿಡಿಯೋಕೆ ಆಗ್ತಿಲ್ಲ ಕಣೇ. ಮಗು ಅಷ್ಟು ಚೆನ್ನಾಗಿ ಬಿಡಿಸಿ ಬಿಡಿಸಿ ಹೇಳುತ್ತೆ, ಆದ್ರೂ ನನಗೆ ಒಂದಕ್ಕೊಂದು ಕೂಡಲ್ಲ. ಬಂದಿಲ್ಲ ಅಂತಾಳೆ, ಬಂದಿದ್ದಾಳೆ ಅಂತ ನನ್ನ ತಲೇಲಿರುತ್ತೆ. ನಮ್ಮ ಡ್ರೈವರಣ್ಣನ ಹೆಂಡ್ತಿ ಗೊತ್ತಲ್ಲ? ಅವಳಿಗೂ ಹಿಂಗೇ ಶುರುವಾಗಿದ್ದು. ಮೊದಲು ಸೀರಿಯಲ್ ಮರೆತಳು, ಆಮೇಲೆ ಮನೆ ದಾರಿ ಮರೆತಳು."

ಬಟ್ಟೆಯ ಕ್ಲಿಪ್ಪುಗಳು ಡಬ್ಬಿಗೆ ಬೀಳುವ ಸದ್ದು ಮಾತ್ರ ಕೇಳಿಸಿತು.

"ಮಗೂಗೆ ಹೇಳ್ಬೇಡ ಮತ್ತೆ," ಎಂದರು ಅಜ್ಜಿ. "ಹೆದರ್ಕೊಳ್ಳುತ್ತೆ."

ಬುಗುರಿ ಬೆಡ್‌ಶೀಟ್ ಇಲ್ಲದೆಯೇ ಹಿಂದಿರುಗಿ ಮಂಚದ ಮೇಲೆ ಕೂತಳು. ನಿಜ ಹೇಳಿದರೆ ಅಜ್ಜಿ ಅಳುತ್ತಾರೆ, ಬೀಪಿ ಇನ್ನೂ ಏರಬಹುದು, ಸೀರಿಯಲ್ ಅಂತೂ ಬಂದ್. ಹೇಳದಿದ್ದರೆ, ಸರಿಯಾಗಿಯೇ ಇರುವ ತಲೆಯನ್ನು ಹೊತ್ತುಕೊಂಡು ಅಜ್ಜಿ ತಲೆ ಡಾಕ್ಟರ ಬಾಗಿಲಲ್ಲಿ ಕೂರುತ್ತಾರೆ. ಸ್ಟಾಪುಗಳನ್ನು ಹಿಂದುಮುಂದಾಗಿ ಹೇಳಿಕೊಳ್ಳುತ್ತ.

ಶನಿವಾರ ಐದು ಗಂಟೆ. ಅಜ್ಜಿ ಟವೆಲ್ ಹಿಡಿದು ಕೂತರು. "ರೈಟ್," ಎಂದರು, ದನಿಯಲ್ಲಿ ಜೀವವಿಲ್ಲದೆ.

ಟೀವಿ ಶುರುವಾಯಿತು. ಬುಗುರಿ ರಿಮೋಟ್ ಒತ್ತಿ ನಿಲ್ಲಿಸಿದಳು.

"ಹೋಲ್ಡಾನ್ ಅಜ್ಜಿ."

"ಯಾಕೆ, ನೀರು ಬೇಕಾ?"

"ಇಲ್ಲ. ಆ ತಾಯಿ ಸತ್ತುಹೋಗಿದ್ದಾಳೆ."

"ಯಾವ ತಾಯಿ?"

"ಗಡಿಯಾರದ ಹುಡುಗಿ ತಾಯಿ. ಹನ್ನೊಂದನೇ ಎಪಿಸೋಡಲ್ಲೇ. ನಾನೇ... ನಾನೇ ಸುಳ್ಳು ಹೇಳಿದ್ದು. ನೀವು ಅಳಬಾರದು ಅಂತ."

ಅಜ್ಜಿ ಅವಳನ್ನೇ ನೋಡಿದರು. ಪರದೆಯ ಮೇಲೆ ಉದ್ದಕೋಟು ಅರ್ಧ ತೆರೆದ ಬಾಯಲ್ಲೇ ನಿಂತಿದ್ದ.

"ಹಂಗಾದ್ರೆ ಆ ಕಪ್ಪು ರಿಬ್ಬನ್ನು?"

"ಪ್ರೈಜ್ ಅಲ್ಲ."

"ಮೀನಿಗೆ ಹಿಟ್ಟು ಹಾಕಿದ್ಲಲ್ಲ?"

"ಹಿಟ್ಟಲ್ಲ ಅಜ್ಜಿ. ಅದು... ತಾಯೀದೇ ಬೂದಿ."

"ಶಿವನೇ. ಫೋನು?"

"ಯಾರೂ ಮಾಡಿಲ್ಲ."

"ನಿಶ್ಚಿತಾರ್ಥಕ್ಕೆ ಬಂದಿದ್ದು?"

"ಅವಳು ಚಿಕ್ಕಮ್ಮ. ನಂಗೂ ಆಗ ಗೊತ್ತಾಗ್ಲಿಲ್ಲ."

ಒಂದೊಂದು ಉತ್ತರಕ್ಕೂ ಅಜ್ಜಿಯ ಭುಜ ಸ್ವಲ್ಪ ಸ್ವಲ್ಪವೇ ಕೆಳಗಿಳಿಯಿತು. ಬುಗುರಿ ಬೈಗುಳಕ್ಕೆ ಕಾದು ಕೂತಳು. ಬಂದದ್ದು ನಗು. ಅಜ್ಜಿ ನಕ್ಕು ನಕ್ಕು ಕೆಮ್ಮಿ, ಮತ್ತೆ ನಕ್ಕರು.

"ಅಂದ್ರೆ ನನ್ನ ತಲೆ ನೆಟ್ಟಗಿದೆ."

"ನೆಟ್ಟಗಿದೆ ಅಜ್ಜಿ. ನಾನು ಹೇಳಿದ ಕತೇನೇ ಸೊಟ್ಟ."

"ಹಿಟ್ಟಂತೆ," ಎಂದು ಅಜ್ಜಿ ಕಣ್ಣೊರೆಸಿಕೊಂಡರು. ಆಮೇಲೆ ಬುಗುರಿಯ ಕಿವಿಯನ್ನು ಮೆತ್ತಗೆ ಹಿಡಿದರು. "ಮೂವತ್ತು ವರ್ಷ ಟಿಕೆಟ್ ಇಲ್ಲದೋರನ್ನ ಮುಖ ನೋಡಿಯೇ ಹಿಡಿದವಳು ನಾನು. ಪಕ್ಕದಲ್ಲೇ ಕೂತೋಳನ್ನ ಹಿಡೀಲಿಲ್ಲ ನೋಡು."

"ಯಾಕೆ ಹಿಡೀಲಿಲ್ಲ?"

"ನಿನ್ನನ್ನ ಚೆಕ್ ಮಾಡ್ಬೇಕು ಅಂತ ಅನ್ನಿಸ್ಲೇ ಇಲ್ಲ ಕಣೇ."

ಕಿವಿ ಹಿಂಡಿಸಿಕೊಳ್ಳುವುದಕ್ಕಿಂತ ಈ ಮಾತಿನಿಂದ ಬುಗುರಿಗೆ ಹೆಚ್ಚು ನೋವಾಯಿತು. ಅವಳು ಅಜ್ಜಿಯ ತೋಳಿಗೆ ಒರಗಿಕೊಂಡಳು. ಅಜ್ಜಿ ಬಿಡಿಸಿಕೊಳ್ಳಲಿಲ್ಲ.

"ಸರಿ. ರಿವರ್ಸ್ ಹಾಕು," ಎಂದರು. "ಹನ್ನೊಂದರಿಂದ. ಈ ಸಲ ಸಾಯೋರು ಸಾಯ್ಲಿ."

ಬುಗುರಿ ಹನ್ನೊಂದಕ್ಕೆ ಹೋದಳು. ಡಾಕ್ಟರು ಬಾಯಿ ತೆರೆದರು. ಅವಳು ಬರೆದದ್ದನ್ನು ಬರೆದಂತೆಯೇ ಹೇಳಿದಳು. ಹೋದ ಸಲ ಏನು ಹೇಳಲಿ ಎಂಬ ಗಡಿಬಿಡಿಯಲ್ಲಿ ಆ ಹುಡುಗಿಯ ಮುಖವನ್ನೇ ಅವಳು ಸರಿಯಾಗಿ ನೋಡಿರಲಿಲ್ಲ. ಈಗ ನೋಡಿದಳು. ದೋಣಿಯ ಸೀನು ಬರುವ ಹೊತ್ತಿಗೆ ಟವೆಲ್ಲಿನ ಒಂದು ತುದಿ ಅಜ್ಜಿಯ ಕೈಯಲ್ಲಿತ್ತು, ಇನ್ನೊಂದು ಬುಗುರಿಯ ಕೈಯಲ್ಲಿ.

"ಛತ್ರಿಯಣ್ಣನ್ನ ನೋಡು," ಎಂದರು ಅಜ್ಜಿ ಮೂಗೆಳೆಯುತ್ತ. "ದಡದಲ್ಲಿ ನಿಂತಿದ್ದಾನೆ, ಬಾಯಿ ಬಿಟ್ಟು ಒಂದು ಮಾತಿಲ್ಲ. ಇವನು ಡಿಪೋಗೇ ಹೋಗೋನು."

"ಆದ್ರೂ ಬಂದಿದ್ದಾನಲ್ಲ ಅಜ್ಜಿ."

"ಬಂದಿದ್ದಕ್ಕೆ ಐದು ಮಾರ್ಕ್ಸ್. ಹೋಗ್ಲಿ, ಆರು."

ಬುಗುರಿಗೆ ಅಳುವಿನ ನಡುವೆಯೇ ನಗು ಬಂತು. ಅಭಿಪ್ರಾಯಗಳು ವಾಪಸು ಬಂದಿದ್ದವು.

ಎಂಟು ಗಂಟೆಗೆ ಬಾಗಿಲು ತೆರೆದು ಅಮ್ಮ ಒಳಗೆ ಬಂದಳು. ನಾಲ್ಕು ಕೆಂಪು ಕಣ್ಣುಗಳನ್ನೂ ಒಂದು ಒದ್ದೆ ಟವೆಲನ್ನೂ ನೋಡಿದಳು.

"ಏನಿದು?"

ಅಜ್ಜಿ ಎಲ್ಲ ಹೇಳಿದರು. ರಿಬ್ಬನ್ನು, ಹಿಟ್ಟು, ಫೋನು, ಚಿಕ್ಕಮ್ಮ. ಕೇಳುತ್ತ ಕೇಳುತ್ತ ಅಮ್ಮ ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯಲ್ಲಿ ಕುಸಿದಳು. "ಅಬ್ಬ," ಎಂದಳು. ನಿನ್ನೆಯಿಂದ ಹಿಡಿದಿಟ್ಟ ಉಸಿರೆಲ್ಲ ಅದರಲ್ಲಿ ಹೊರಬಂತು. ಆದರೆ ಲ್ಯಾಬಿನವಳು ಲ್ಯಾಬಿನವಳೇ. ಎದ್ದು ಬೀಪಿ ಮೆಷಿನ್ ತಂದಿಟ್ಟಳು.

"ಐದು ನಿಮಿಷ ಯಾರೂ ಮಾತಾಡೋ ಹಾಗಿಲ್ಲ. ಕಾಲು ನೆಲಕ್ಕೆ ಊರಿ. ಆಮೇಲೆ ಸೀರಿಯಲ್ ವಿಷಯ."

ಮೂವರೂ ಸುಮ್ಮನೆ ಕೂತರು. ಮೇಜಿನ ಮೇಲೆ ಅಜ್ಜಿಯ ಕೈ ಅಂಗೈ ಮೇಲಾಗಿ ಬಿಚ್ಚಿಕೊಂಡಿತ್ತು. ಕಳೆದ ವಾರ ಇದೇ ಕೈ ಒಣ ಟವೆಲನ್ನು ಮುಷ್ಟಿ ಕಟ್ಟಿ ಹಿಡಿದಿದ್ದು ಬುಗುರಿಗೆ ನೆನಪಾಯಿತು. ಆಗ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಈಗ ಕೆನ್ನೆ ಇನ್ನೂ ತೇವವಾಗಿದೆ, ಬೆರಳುಗಳು ಮಾತ್ರ ನಿದ್ದೆಹೋದಂತೆ ಹಗುರಾಗಿವೆ. ಅವಳು ಒಮ್ಮೆ ಆ ಕೈ ನೋಡಿದಳು, ಒಮ್ಮೆ ಅಜ್ಜಿಯ ಮುಖ ನೋಡಿದಳು. ಮೆಷಿನ್ ಏನು ಹೇಳುತ್ತದೆಂಬ ಭಯ ತನಗೆ ಅಷ್ಟಾಗಿ ಇಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಪಟ್ಟಿ ಉಬ್ಬಿತು, ಇಳಿಯಿತು. ಅಮ್ಮ ಅಂಕೆ ನೋಡಿ ಹುಬ್ಬೇರಿಸಿದಳು. ಒಂದು ಸಲದ ಅಂಕೆಯನ್ನು ನಂಬುವವಳಲ್ಲ. ಒಂದು ನಿಮಿಷ ಬಿಟ್ಟು ಮತ್ತೆ ಒತ್ತಿದಳು.

ಆಮೇಲೆ ರಿಮೋಟನ್ನು ಮೇಜಿನ ಮೇಲೆ ಬುಗುರಿಯ ಕಡೆಗೆ ಸರಿಸಿದಳು.

ಮೆಷಿನ್ನಿನ ಪುಟ್ಟ ಪರದೆಯಲ್ಲಿ ಮೇಲೆ ೧೨೮ ಇತ್ತು, ಕೆಳಗೆ ೮೦.