ನಾಲ್ಕು ಮೂಲೆಯ ಅರಿಶಿನ

"ಆ ಊರವರನ್ನ ಮಾತ್ರ ಮನೆಗೆ ಕರೀಬೇಡಪ್ಪ, ತಮಾಷೆಗೂ," ಎಂದರು ಪಕ್ಕದ ಮನೆಯ ಶ್ಯಾಮಸುಂದರ ಅಂಕಲ್.

ಕೌಸ್ತುಭ್ ನಕ್ಕ. ಡಾಲಸ್ ಬಿಟ್ಟು ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ಗೆ ಆಗಷ್ಟೇ ಶಿಫ್ಟ್ ಆಗಿದ್ದ. ಗರಾಜ್ ಸೇಲ್‌ನಲ್ಲಿ ಸಿಕ್ಕ ಐವತ್ತರ ದಶಕದ ನಕ್ಷೆ ಊಟದ ಮೇಜಿನ ಮೇಲೆ ಹರಡಿತ್ತು. ನೆಲದ ಏರಿಳಿತ ತೋರುವ ಕಂದು ಗೆರೆಗಳು, ಬಾಯೂ ಎಂಬ ಆ ಜಡ ಹಳ್ಳದ ನೀಲಿ, ಅದರ ದಂಡೆಗಂಟಿದ, ಅಂಕಲ್ ಬೆರಳಿಟ್ಟು ತೋರಿಸಿದ ಆ ಊರು. ಮನೆಗೊಂದು ಪುಟ್ಟ ಕಪ್ಪು ಚೌಕ. ಕಾಗದ ಕೊಳೆತ ಎಲೆಯಂತೆ ನಾರುತ್ತಿತ್ತು.

"ನೀರು ಬಂದಾಗ ಅವರೆಲ್ಲ ನಮ್ಮ ಮನೆಗಳಿರೋ ಈ ದಿಬ್ಬಕ್ಕೆ ಓಡಿ ಬಂದ್ರಂತೆ. ಆಗ ಇಲ್ಲಿದ್ದವರು ಒಬ್ಬರೂ ಒಳಗೆ ಬನ್ನಿ ಅನ್ಲಿಲ್ಲ. ಬಾಗಿಲ ಮುಂದೇನೇ ಮುಳುಗಿದ್ರು. ಇನ್ಮುಂದೆ ಯಾರು ನಮ್ಮನ್ನ ಕರೀತಾರೋ ಅವರ ಮನೆ ನಮ್ಮದು ಅಂತ ಶಾಪ ಹಾಕಿ ಸತ್ರು."

"ಪಾಪ! ಹಾಗಾದ್ರೆ ನಾನೇ ಕರೀತೀನಿ ಬಿಡಿ."

ಹೆಂಡತಿ ನಿಶಿತಾ ಗೃಹಪ್ರವೇಶದ ಕರೆಯೋಲೆಗಳ ಮೂಲೆಗೆ ಅರಿಶಿನ ಹಚ್ಚುತ್ತಿದ್ದಳು. ಅವಳ ಬಟ್ಟಲಿಗೆ ಬೆರಳದ್ದಿ, ಅವನು ನಕ್ಷೆಯ ನಾಲ್ಕೂ ಮೂಲೆಗೆ ಒತ್ತಿದ. "ಸಕುಟುಂಬ, ಸಪರಿವಾರ ಬನ್ನಿ!"

"ಏಯ್, ಬೇಡ ಕಣೋ!"

ಅಂಕಲ್ ಕಾಫಿ ಮುಟ್ಟದೆ ಎದ್ದು ಹೋದರು.

ಗೃಹಪ್ರವೇಶದ ದಿನ ಪುರೋಹಿತರು ಹೋಮ ಮುಗಿಸಿ ಹೊರಟ ಮೇಲೆ ಆಕಾಶ ಕಪ್ಪಾಯಿತು. ಕರೆಂಟ್ ಹೋಯಿತು. ಊಟಕ್ಕೆ ಕರೆದವರೆಲ್ಲ ರಸ್ತೆಯಲ್ಲಿ ನೀರು, ಬರಲಾಗುವುದಿಲ್ಲ ಎಂದು ಫೋನ್ ಮಾಡಿದರು. ತಣ್ಣಗಾದ ಹೊಗೆಯೊಳಗಿಂದ ಕೆಸರಿನ ವಾಸನೆ ಎದ್ದಿತು.

ಬಾಗಿಲು ತಟ್ಟಿದ ಸದ್ದು. ಒದ್ದೆ ಅಂಗೈಯ ಸದ್ದು.

ಗೋಡೆಗೆ ತೂಗಿಸಿದ್ದ ನಕ್ಷೆಯಲ್ಲಿ ಒಂದು ಚೌಕ ಅಳಿಸಿಹೋಯಿತು. ಇನ್ನೊಂದು. ಮತ್ತೊಂದು. ಊರೇ ಖಾಲಿ.

ಬಾಗಿಲು ತಾನೇ ತೆರೆಯಿತು. ಅವರು ಬಂದರು. ಊದಿದ ಪಾದಗಳು. ಪಾಚಿಗಟ್ಟಿದ ಕೂದಲು. ಕಂಕುಳಲ್ಲಿ ಮಕ್ಕಳು. ಹಾಸಿದ್ದ ಜಮಖಾನದ ಮೇಲೆ ಸಾಲಾಗಿ ಕುಳಿತರು. ಪ್ರತಿ ಹಣೆಯಲ್ಲೂ ಅರಿಶಿನ. ಅವನದೇ ಬೆರಳಚ್ಚು.

ಜಾಗ ಸಾಲಲಿಲ್ಲ. ಇನ್ನೂ ಬಂದರು. ಒತ್ತಿದರು. ಗಂಡ ಹೆಂಡತಿ ಹೊಸ್ತಿಲಿಗೆ ಸರಿದರು. ಹೊರಗೆ ಬಿದ್ದರು. ಬಾಗಿಲು ಮುಚ್ಚಿಕೊಂಡಿತು.

ಗಂಡ ಹೆಂಡತಿ ನಿಂತಲ್ಲೆಲ್ಲ ನೀರು ಏರುತ್ತಿತ್ತು. ಇಬ್ಬರೂ ಅಂಕಲ್ ಮನೆಗೆ ಓಡಿದರು. ಅಂಕಲ್ ಬಾಗಿಲು ತೆರೆದರು. ಕೌಸ್ತುಭ್ ಕಾಲೆತ್ತಿದ. ಕಾಲು ಹೊಸ್ತಿಲು ದಾಟಲಿಲ್ಲ.

"ಅಂಕಲ್, ನಾವೇ! ಒಂದ್ಸಲ ಒಳಗೆ ಬನ್ನಿ ಅನ್ನಿ. ಅಷ್ಟೇ ಸಾಕು!"

ಅಂಕಲ್ ಬಾಯಿ ತೆರೆದರು. ಅವನ ಹಣೆಯಲ್ಲೂ ಮೂಡಿದ್ದ ಅರಿಶಿನದ ಬೆರಳಚ್ಚು ನೋಡಿದರು. ಕೈಯಿಂದ ಬಾಯಿ ಮುಚ್ಚಿಕೊಂಡರು. "ಒಳಗೆ ಮೊಮ್ಮಗಳಿದಾಳೆ ಕಣಪ್ಪ..."

ಚಿಲಕ ಬಿತ್ತು.

ನೀರು ಎದೆಗೆ ಬಂದಿತ್ತು. ನಿಶಿತಾ ಅವನ ಕೈ ಹಿಡಿದಳು. ಆ ಕೈ ತಣ್ಣಗಿತ್ತು, ಊದಿತ್ತು.

"ಬಾ, ಮುಂದಿನ ಮನೆ ತಟ್ಟೋಣ," ಎಂದಳು. ಮಾತಿನ ಹಿಂದೆಯೇ ಅವಳ ಬಾಯಿಂದ ಕೆಸರು ನೀರು ಸುರಿಯಿತು.