ದೋಣಿ ಹೊರಡುವಂತಿಲ್ಲ

"ದೋಣಿಗೆ ಟೈರ್ ಹಾಕಿದ ಪುಣ್ಯಾತ್ಮ ಯಾರು?"

ಕೆಲಸಕ್ಕೆ ಹೊಸದಾಗಿ ಸೇರಿದವನು ಪಕ್ಕದ ಮೇಜಿನ ಹುಡುಗಿಯ ಕಂಪ್ಯೂಟರ್ ಪರದೆ ನೋಡಿ ಜೋರಾಗಿ ನಕ್ಕ. ಆಫೀಸಿನ ಉಳಿದವರು ಸುಮ್ಮನಿರುವಂತೆ ಅವನಿಗೆ ಕಣ್ಸನ್ನೆ ಮಾಡಿದರು.

ಅವಳ ಮುಖ ಕೆಂಪೇರಿತು. "ನಮ್ಮಪ್ಪ!"

ಅವನು ತಟ್ಟನೆ ನಗು ನಿಲ್ಲಿಸಿದ...

ಅದು ಅವಳ ಅಪ್ಪನ ಕಂಪನಿ. ಬಸ್ಸು, ಲಾರಿಗಳ ಓಡಾಟ ನೋಡಿಕೊಳ್ಳುವ ಸಾಫ್ಟ್‌ವೇರ್ ಅವರದು. ಹರೆಯದಲ್ಲಿ ಅಪ್ಪ 'ವಾಹನ' ಎಂಬ ಡೇಟಾ ಸ್ಟ್ರಕ್ಚರ್, ಅಂದರೆ ಮಾಹಿತಿಯ ಅಚ್ಚು, ಬರೆದಿದ್ದರು. ಅದರಿಂದ ಹುಟ್ಟಿದ ಬಸ್ಸಿಗೂ ಲಾರಿಗೂ ಅದರಲ್ಲಿದ್ದದ್ದೆಲ್ಲ ತಾನಾಗಿಯೇ ಬರುತ್ತಿತ್ತು. ಎಂಜಿನ್, ದಾರಿ, ಟೈರಿನ ಗಾಳಿ... ಒಂದನ್ನೂ ಬೇಡವೆನ್ನುವಂತಿಲ್ಲ. ಈಗ ದೋಣಿಗಳನ್ನೂ ಸೇರಿಸಲೆಂದು ಅವಳು ಬರೆಯುತ್ತಿದ್ದ 'ದೋಣಿ'ಯೂ ಅದರ ಕೂಸೇ. ಪರೀಕ್ಷಿಸಿದಾಗಲೆಲ್ಲ ಅದರದು ಒಂದೇ ಹಟ: 'ಟೈರಿನಲ್ಲಿ ಗಾಳಿಯಿಲ್ಲ. ಹೊರಡುವಂತಿಲ್ಲ.'

ಅಪ್ಪನ ಗಾಜಿನ ಕೋಣೆಗೆ ಎದುರಾಗಿಯೇ ಅವಳ ಮೇಜು. ತಲೆಯೆತ್ತಿದರೆ ಅಪ್ಪ. ನಾಳೆ ಆ ಕುರ್ಚಿಯೂ ಅವಳದೇ ಅಂತೆ. 'ನನ್ನನ್ನ ಯಾರಾದ್ರೂ ಕೇಳಿದ್ರಾ...?'

"ದೋಣಿ ವಾಹನದ ಮಗುವೇ ಆಗ್ಬೇಕಾ?" ಒಂದು ದಿನ ಆ ಹೊಸಬ ಮೆಲ್ಲಗೆ ಕೇಳಿದ. "ಎಂಜಿನ್, ದಾರಿ ಬೇರೆಬೇರೆ ಬರೆದಿಡೋಣ. ದೋಣಿ ತನಗೆ ಬೇಕಾದ್ದನ್ನಷ್ಟೇ ತಗೊಳ್ಳಲಿ."

"ಅಪ್ಪ ಒಪ್ಪಲ್ಲ."

"ಕೇಳಿ ನೋಡಿದ್ದೀರಾ?"

ಅವಳು ಕೇಳಿರಲಿಲ್ಲ. ಆದರೆ ಅವನ ಮುಂದೆ ಮನಸ್ಸು ಬಿಚ್ಚಿದಳು. ಬಂದರಿನ ಕಚೇರಿಯಲ್ಲಿ ಕೆಲಸ ಸಿಕ್ಕಿದೆ, ಅಪ್ಪನಿಗೆ ಹೇಳುವ ಧೈರ್ಯವಿಲ್ಲ ಎಂದು ಅತ್ತೂಬಿಟ್ಟಳು. ಅಂದಿನಿಂದ ಅವನ ಹೆಜ್ಜೆ ಸದ್ದಿಗೇ ಅವಳ ಎದೆ ಡವಗುಟ್ಟುತ್ತಿತ್ತು!

ಆಮೇಲೊಂದು ಮಧ್ಯಾಹ್ನ, ಗಾಜಿನ ಕೋಣೆಯೊಳಗಿಂದ ಅವನದೇ ದನಿ ಕೇಳಿಸಿತು.

"ಸರ್, ದೋಣಿ ಕೆಲಸದಿಂದ ಅವರನ್ನ ಬಿಡಿಸಿ. ನಾನು ನೋಡ್ಕೋತೀನಿ."

ಅವಳಿಗೆ ನೆಲ ಕುಸಿದಂತಾಯಿತು. ಅವನು ಹೊರಬರುತ್ತಲೇ ಅಡ್ಡಗಟ್ಟಿದಳು. "ನನ್ನ ಬೆನ್ನಿಗೇ ಚೂರಿ ಹಾಕಿದ್ರಲ್ಲ!"

"ಅಯ್ಯೋ, ಇಲ್ಲ! ಈ ಕೆಲಸ ಕೈಬಿಟ್ರೆ ನೀವು ಬಂದರಿಗೆ ಹೋಗಬಹುದು ಅಂತ..."

"ಹೇಳಿ ಅಂದಿದ್ನಾ ನಾನು? ಅಪ್ಪನೂ ಹೀಗೇ, ನೀವೂ ಹೀಗೇ! ನನ್ನ ಪರವಾಗಿ ಮಾತಾಡೋರೇ ಎಲ್ಲಾ!"

ಅವನು ತಲೆ ತಗ್ಗಿಸಿದ. "ತಪ್ಪಾಯ್ತು. ನೀವೇ ಹೇಳಿ. ನಾನು ಇಲ್ಲೇ ನಿಂತಿರ್ತೀನಿ."

ಅವಳು ಬಾಗಿಲು ತಳ್ಳಿದಳು. ಅಪ್ಪನ ಮೇಜಿನೆದುರು ನಿಂತಳು.

"ಅಪ್ಪ, ದೋಣಿಯನ್ನ ವಾಹನದಿಂದ ಬಿಡಿಸಿ ಬರೀತೀನಿ. ಮುಗಿಸಿ, ಬಂದರಿನ ಕೆಲಸಕ್ಕೆ ಸೇರ್ತೀನಿ. ನಿಮ್ಮ ಕುರ್ಚಿ... ನನಗೆ ಬೇಡ."

ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಷ್ಟು ದಿನ ಯಾಕಮ್ಮಾ ಬಾಯಿ ಬಿಡ್ಲಿಲ್ಲ?"

"ನಿಮಗೆ ನೋವಾಗುತ್ತೆ ಅಂತ."

"ಆಗ್ತಿದೆ..." ಅಪ್ಪ ಮುಖ ಆಚೆ ತಿರುಗಿಸಿದರು. "ಆದ್ರೂ ಹೋಗು, ಮಗಳೇ."

ಅವನು ಹೊರಗೆ ನಿಂತೇ ಇದ್ದ. "ಏನಂದ್ರು?"

"ಹೋಗು ಅಂದ್ರು."

ಅವನ ಮುಖ ಬಾಡಿತು. "ಒಳ್ಳೇದಾಯ್ತು..."

"ಅಷ್ಟೇನಾ?"

"ಇನ್ನೊಂದಿದೆ. ಹೇಳಿದ್ರೆ ನಿಮ್ಮನ್ನ ಕಟ್ಟಿಹಾಕಿದ ಹಾಗಾಗುತ್ತೆ."

"ಹೇಳಿ. ಇರೋದು ಬಿಡೋದು ನನ್ನಿಷ್ಟ."

"ನೀವಂದ್ರೆ... ನಂಗೆ ಪ್ರಾಣ."

ಕಣ್ಣು ತುಂಬಿ ಬಂದರೂ ಅವಳು ನಕ್ಕಳು. ತಾನಾಗಿಯೇ ಅವನ ಕೈ ಹಿಡಿದಳು.

"ಇನ್ಮೇಲೆ 'ನೀವು' ಅನ್ನಬೇಡ."

"ಮತ್ತೆ?"

"'ನೀನು' ಅನ್ನು, ಕೇಳೋಣ."

"ನೀನು..." ಎಂದವನ ದನಿ ಅಲ್ಲೇ ಒದ್ದೆಯಾಯಿತು.